ಎಂಟು ಜೋಡಿ ಪಾದ

ಜುಲೈ 17, 2006, ಸೋಮವಾರ. ಸೀತೂರು

ಬೆಳಗಿನ ಕಾಫಿ ಆಯಿತು. ಪ್ರದೀಪನಿಗೆ ಎರಡು ಸಲ ಕೊಟ್ಟೆ. ಎರಡನೆಯದು ಸುಮ್ಮನೆ ಮುಖ ನೋಡಲು! ಮದುವೆಯಾಗಿ ನಲವತ್ತೊಂದು ದಿನ.

ಇವತ್ತಿನಿಂದ ನನ್ನ ಎಕ್ಸ್‌ಪೆರಿಮೆಂಟ್. ಗದ್ದೆಗೆ ಭತ್ತದ ಸಸಿ ನೆಡುವ ನಟ್ಟಿಗೆ ಬರುವ ಹೆಂಗಸರು ಎಂಟು ಜನ. ಎಲ್ಲರ ಎರಡೂ ಕಾಲಿನ ಬೆರಳಸಂದಿಯಲ್ಲಿ ಕೆಸರುಹುಣ್ಣು. ಅತ್ತೆ ವರ್ಷವೂ ಮದರಂಗಿ ಅರೆದು ಕೊಡುತ್ತಾರೆ. ಮೆಡಿಕಲ್ ಶಾಪಿನ ಟ್ಯೂಬ್ ಕೊಡೋಣ ಎಂದೆ.

"ನಿನ್ನ ಟ್ಯೂಬೇ ಮೇಲು ಅಂತ ತೋರ್ಸು, ನಟ್ಟಿ ಮುಗಿಯೋವರೆಗೂ ಎಲ್ರಿಗೂ ತರಿಸ್ತೀನಿ. ಇಲ್ದಿದ್ರೆ ಮದರಂಗಿನೇ," ಎಂದರು ಅತ್ತೆ.

ಡೀಲ್!! ಬಿ.ಎಸ್‌ಸಿ.ಯ ಪೇರ್ಡ್ ಟಿ-ಟೆಸ್ಟ್ ಗಂಡನ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು... ಒಬ್ಬೊಬ್ಬರ ಚರ್ಮ ಬೇರೆ, ಕೆಲಸ ಬೇರೆ. ಅದಕ್ಕೇ ಅವರವರ ಒಂದು ಕಾಲಿಗೆ ಇನ್ನೊಂದು ಕಾಲನ್ನೇ ಹೋಲಿಸುವುದು. ಒಂದಕ್ಕೆ ಟ್ಯೂಬ್, ಒಂದಕ್ಕೆ ಮದರಂಗಿ. ವಾರದ ಕೊನೆಗೆ ಒಂದೊಂದು ಕಾಲಿನ ಹುಣ್ಣಿಗೂ ಅಂಕ. ಯಾವುದಕ್ಕೆ ಯಾವುದೆಂದು ನಾಣ್ಯ ಚಿಮ್ಮಿದೆ.

"ಕಾಲಿಗೂ ಟಾಸಾ ಸಣ್ಣಮ್ಮ? ಸೋತ ಕಾಲನ್ನ ಮನೇಲೇ ಬಿಟ್ ಬರ್ಲಾ?" ಎಂದಳು ಎಂಟರಲ್ಲೊಬ್ಬಳಾದ ಸೀತಕ್ಕ. ನಕ್ಕು ನಕ್ಕು ಹೊಟ್ಟೆ ನೋವು.

ಜುಲೈ 20

ಟ್ಯೂಬಿನ ಕಾಲಿನ ಹುಣ್ಣು ಒಣಗುತ್ತಿದೆ! ಮದರಂಗಿಯದು ಹಾಗೇ. ನಟ್ಟಿಯ ಮಾಲತಿ ಆ ಕಾಲಲ್ಲಿ ಕುಂಟುತ್ತಿದ್ದಳು. ಪಾಪ. ಇನ್ನು ನಾಲ್ಕೇ ದಿನ.

ಜುಲೈ 24

ಅಯ್ಯೋ. ಎಲ್ಲರ ಎರಡೂ ಕಾಲು ಬಹುತೇಕ ವಾಸಿ. ಎರಡು ಕಾಲಿನ ಅಂಕಗಳ ಎಂಟು ವ್ಯತ್ಯಾಸದಲ್ಲಿ ಐದು ಸೊನ್ನೆ. t ಬಂದದ್ದು 0.55, ಟೇಬಲ್ ಪ್ರಕಾರ 2.36 ದಾಟಬೇಕಿತ್ತು. ಟ್ಯೂಬ್ ಮೇಲೆನ್ನಲು ಆಧಾರವಿಲ್ಲ.

"ನೋಡ್ದ್ಯಾ ಮಾರಾಯ್ತಿ?" ಅತ್ತೆಗೆ ಖುಷಿಯೋ ಖುಷಿ. ಟ್ಯೂಬ್ ಬಂದ್. ಪ್ರದೀಪ ಮಾತ್ರ, "ನೀ ಸೋತ್ರೂ ಚಂದ ಕಾಣ್ತೀಯ," ಎಂದ. ಹೋಗಲಿ ಬಿಡು ಅನ್ನಿಸಿತು.

ಜುಲೈ 28, ಮಧ್ಯಾಹ್ನ

ಹಿತ್ತಿಲ ಬಾಗಿಲಲ್ಲಿ ಸೀತಕ್ಕ. "ಸಣ್ಣಮ್ಮ, ಆ ಟ್ಯೂಬ್ ಇನ್ನೊಂದಿದ್ಯಾ? ಹುಣ್ಣು ಮತ್ತೆ ಎದ್ದದೆ."

"ಮದರಂಗಿಯಲ್ಲೂ ವಾಸಿಯಾಗಿತ್ತಲ್ಲ?"

ನೆಲ ನೋಡಿದಳು. "ಒಂದೇ ಕಾಲಲ್ಲಿ ನಟ್ಟಿ ಆಗತ್ತಾ? ಮೂರ್ ದಿನ ಆದ್ಮೇಲೆ ಎಲ್ರೂ ಎರಡಕ್ಕೂ ಟ್ಯೂಬೇ ಹಚ್ಚಿದ್ವಿ. ಅಮ್ಮೋರಿಗೆ ಬೇಜಾರಾಗ್ಬಾರ್ದು ಅಂತ ಮದರಂಗಿ ಕಾಲಿಗೆ ಮೇಲಿಂದ ಅದನ್ನೂ ಬಳಿದ್ವಿ. ಬಣ್ಣ ಕಾಣ್ಬೇಕಲ್ಲ."

ಎಂಟು ಜನವೂ! ಎರಡೂ ಕಾಲು ಒಣಗಿದ್ದು ಟ್ಯೂಬಿನಿಂದಲೇ. ವ್ಯತ್ಯಾಸ ಎಲ್ಲಿಂದ ಬರಬೇಕು? ನೋಯುವ ಕಾಲನ್ನು ನೋಯಲು ಬಿಡಿ ಎಂದ ನಾನೆಂಥವಳು... ಅತ್ತೆಗೆ ಹೇಳಿದರೆ ಸೀತಕ್ಕನಿಗೆ ಬೈಗುಳ. ಹೇಳದಿದ್ದರೆ ಟ್ಯೂಬ್ ಇಲ್ಲ.

ಸಂಜೆ 5

ಹೇಳಿಬಿಟ್ಟೆ. ಅತ್ತೆ ಅರೆಯುವ ಕಲ್ಲಿನ ಮುಂದೆ ಕೂತರು.

"ನಂಗೆ ಬೇಜಾರಾಗತ್ತೆ ಅಂತ..." ಅಷ್ಟೇ. ಆಮೇಲೆ, "ಪ್ರದೀಪಂಗೆ ಫೋನ್ ಮಾಡು. ಎನ್.ಆರ್.ಪುರದಿಂದ ಎಂಟು ಟ್ಯೂಬ್ ತರ್ಲಿ."

ಓಡಿದೆ.

"ಭವ್ಯಾ, ನಿಲ್ಲು." ಸೀರೆಯ ನೆರಿಗೆ ಸ್ವಲ್ಪ ಎತ್ತಿದರು. ಬೆರಳಸಂದಿಯಲ್ಲಿ, ಮದರಂಗಿಯ ಕೆಂಪಿನಡಿ, ಹಸಿಹುಣ್ಣು.

"ಒಂಬತ್ತು ಅನ್ನು. ಯಾರಿಗೆ ಅಂತ ಹೇಳ್ಬೇಡ."

ಬೈಕಿನ ಸದ್ದು. ಪ್ರದೀಪ ಬಂದ. ಬಿಸಿನೀರು ಕಾಯಿಸಿಟ್ಟಿದ್ದೇನೆ. ಅತ್ತೆ ಒಪ್ಪಿದರೆ ಅವರ ಕಾಲು ತೊಳೆದು ನಾನೇ ಟ್ಯೂಬ್ ಹಚ್ಚಿ—