ಮೊದಲ ಸಲ ಕೇರೆ ಹಾವು ಸಾಕುವವರಿಗೆ, ಡಂಬಳದ ಕಣಜದಿಂದ

ಕಣಜ ವರ್ಷ 112, ಎರಡನೇ ಬೇಸಿಗೆಯ 41ನೇ ದಿನ

ಹಳೆಯ ಲೆಕ್ಕದಲ್ಲಿ ಇದು ಇಸವಿ 2231 ಇರಬಹುದು. ಖಚಿತವಾಗಿ ಹೇಳಲಾರೆ, ಆ ಲೆಕ್ಕ ಕಲಿಸುವ ತರಗತಿಗೆ ಬರುವ ಮೊದಲೇ ನಾನು ಶಾಲೆ ಬಿಟ್ಟೆ. ಈ ಕಾಗದವನ್ನು ಬೀಜದ ಪೆಟ್ಟಿಗೆಯಲ್ಲಿ ಇಡುತ್ತಿದ್ದೇನೆ. ಆ ಪೆಟ್ಟಿಗೆಯನ್ನು ನಲವತ್ತು ವರ್ಷಕ್ಕೊಮ್ಮೆ ತೆರೆಯುತ್ತಾರೆ. ನಿಮ್ಮ ಕೈಗೆ ಇದು ಸಿಗುವ ಹೊತ್ತಿಗೆ ನಮ್ಮ ಮಾತು ಹಳತಾಗಿರುತ್ತದೆ, ಕೆಲವು ಶಬ್ದಗಳು ನಿಮಗೆ ತಿಳಿಯದೆ ಹೋಗಬಹುದು. ಅದಕ್ಕೆ ಕ್ಷಮಿಸಿ. ನನ್ನ ಹೆಸರು ಫಕೀರವ್ವ, ವಯಸ್ಸು ಹತ್ತೊಂಬತ್ತು. ಈ ಕಣಜಕ್ಕೆ ಬಂದ ಒಂದೇ ಒಂದು ಹಾವನ್ನು ನೋಡಿಕೊಂಡವಳು ನಾನು. ಅದು ಈಗ ಇಲ್ಲ. ಮುಂದೊಂದು ದಿನ ಯಾರಾದರೂ ನಿಮಗೆ ಹಾವು ತಂದುಕೊಟ್ಟರೆ ನಿಮಗೆ ಅದು ಮೊದಲನೆಯದೇ ಆಗಿರುತ್ತದೆ, ಹೇಳಿಕೊಡುವವರೂ ಇರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಕಣಜವೆಂದರೆ ಕಪ್ಪತ್ತಗುಡ್ಡದ ಬಂಡೆಯೊಳಗೆ ಕೊರೆದ ಹನ್ನೆರಡು ಕೋಣೆಗಳು. ಮುನ್ನೂರ ನಲವತ್ತು ಜನರ ಜೋಳ ಅಲ್ಲಿದೆ. ವರ್ಷಕ್ಕೆ ಎರಡು ಬೇಸಿಗೆ ಬರುವುದರಿಂದ ಬೆಳೆ ಮೂರು ವರ್ಷಕ್ಕೊಮ್ಮೆ ಕೈಗೆ ಬಂದರೆ ಹೆಚ್ಚು, ಉಳಿದ ಕಾಲ ಕಣಜವೇ ಗತಿ. ನಮ್ಮ ಅಜ್ಜಂದಿರ ಕಾಲದಲ್ಲಿ ಇಲಿಗಳಿಗೆ ವಿಷ ಇಟ್ಟರು. ವಿಷ ತಿಂದ ಇಲಿಗಳನ್ನು ತಿಂದು ಹಾವು, ಗೂಬೆ, ಮುಂಗುಸಿ ಎಲ್ಲವೂ ಸತ್ತವು. ವಿಷ ಮುಗಿಯಿತು, ಇಲಿ ಮುಗಿಯಲಿಲ್ಲ. ಹೋದ ವರ್ಷ ಸವಣೂರಿನವರು ತಮ್ಮಲ್ಲಿ ಉಳಿದಿದ್ದ ಮೂರು ಕೇರೆ ಹಾವುಗಳಲ್ಲಿ ಒಂದನ್ನು ಬಿದಿರಬುಟ್ಟಿಯಲ್ಲಿ ಹೊತ್ತು ತಂದುಕೊಟ್ಟರು. ಆಳುದ್ದದ ಹೆಣ್ಣು ಹಾವು. ಕಣಜದ ಹಿರಿಯ ದ್ಯಾಮಣ್ಣ ಕಾಕಾ ಬುಟ್ಟಿಯನ್ನು ನನ್ನ ಮುಂದೆ ಇಟ್ಟು, "ಸಾಲ್ಯಾಗ ಒಂದ್ ತಾಸು ಕುಂಡ್ರಲಿಲ್ಲ ನೀ. ಇದೂ ಒಂದ್ ಕಡೆ ಕುಂಡ್ರೂದಿಲ್ಲಂತ. ಇಬ್ರಿಗೂ ಚೊಲೊ ಜೋಡಿ ಆಗ್ತೈತಿ" ಅಂದರು.

ಮೊದಲು ತಿಳಿಯಬೇಕಾದದ್ದು, ಹಾವು ನಿಮ್ಮನ್ನು ಪ್ರೀತಿಸುವುದಿಲ್ಲ. ದಿನವೂ ನೀರಿಟ್ಟರೂ ನೀವು ಅದಕ್ಕೆ ಬೆಚ್ಚಗಿನ ಒಂದು ಮರ ಅಷ್ಟೇ. ಅದಕ್ಕೆ ವಿಷವಿಲ್ಲ, ಆದರೆ ಕಚ್ಚುತ್ತದೆ, ರಕ್ತ ಬರುತ್ತದೆ. ತಪ್ಪು ಅದರದ್ದಲ್ಲ, ಮೇಲಿನಿಂದ ಕೈ ಹಾಕಿದವರದ್ದು. ಬಂದ ಮೊದಲ ಹತ್ತು ದಿನ ಮುಟ್ಟಬೇಡಿ, ಮುಚ್ಚಳ ತೆಗೆದು ಇಣುಕಬೇಡಿ. ನಾನು ದಿನಕ್ಕೆ ಇಪ್ಪತ್ತು ಸಲ ಇಣುಕಿದೆ. ಅದು ಬುಟ್ಟಿಗೆ ಮೂತಿ ಬಡಿದುಕೊಂಡು ಗಾಯ ಮಾಡಿಕೊಂಡಿತು. ಅಡಗಿಕೊಳ್ಳಲು ಇಕ್ಕಟ್ಟಾದ ಜಾಗ ಕೊಡಿ, ಮೈಗೆ ಎರಡೂ ಕಡೆ ಏನಾದರೂ ತಾಗುತ್ತಿದ್ದರೆ ಅದಕ್ಕೆ ಧೈರ್ಯ. ಇಲಿ ನುಂಗಿದ ಮೇಲೆ ಎರಡು ದಿನ ಎತ್ತಬೇಡಿ, ಎತ್ತಿದರೆ ಕಕ್ಕಿಬಿಡುತ್ತದೆ. ಅದು ವಾರಗಟ್ಟಲೆ ತಿನ್ನದಿದ್ದರೆ ಗಾಬರಿಯಾಗಿ ಬಾಯಿಗೆ ತುರುಕಬೇಡಿ.

ಹಾಲಿನ ವಿಷಯ. ಪಂಚಮಿಯ ದಿನ ಜನ ತಮ್ಮ ಪಾಲಿನ ಪುಡಿಹಾಲು ಕದಡಿಕೊಂಡು ಬಂದೇ ಬರುತ್ತಾರೆ. ಹಾವಿಗೆ ಹಾಲು ಆಹಾರವಲ್ಲ. ಬಾಯಾರಿದ ಹಾವು ಏನು ಕೊಟ್ಟರೂ ಕುಡಿಯುತ್ತದೆ, ಕುಡಿದು ನರಳುತ್ತದೆ. ನಾನು ಬಾಗಿಲಿಗೆ ಅಡ್ಡ ನಿಂತಾಗ ನೆರೆಯ ಯಮನವ್ವ, "ಹಾಲ ಹಾಕಬ್ಯಾಡಂತ ಹೇಳಾಕ ನೀ ಯಾರ? ನಾಗಪ್ಪನ ಬೀಗತಿ ಏನ?" ಎಂದು ನಾಲ್ಕು ಜನರೆದುರು ಜಾಡಿಸಿದಳು. ಬೈಸಿಕೊಳ್ಳಿ, ಆದರೆ ಬಾಗಿಲು ಬಿಡಬೇಡಿ. ಅದೇ ಯಮನವ್ವ ಎರಡು ತಿಂಗಳ ನಂತರ, ಹಾವನ್ನು ಬಿಟ್ಟಿದ್ದ ನಾಲ್ಕನೇ ಕೋಣೆಯಲ್ಲಿ ಇಲಿಯ ಸದ್ದೇ ಇಲ್ಲದ್ದನ್ನು ಕಂಡು, ಹಾವಿಗೆ 'ಅತ್ತಿ' ಎಂದು ಹೆಸರಿಟ್ಟಳು. ಅತ್ತೆ ಹೊರಬಂದರೆ ಮನೆಯಲ್ಲಿ ಎಲ್ಲರೂ ಗಪ್‌ಚಿಪ್ ಆಗುತ್ತಾರಂತೆ. ಆ ವರ್ಷ ನಾವು ಜೋಳವನ್ನು ಅಳೆಯುವಾಗ ಮೊದಲ ಸಲ ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕಿದ್ದೆವು.

ಇನ್ನು ನನ್ನ ತಪ್ಪು. ನಮ್ಮಲ್ಲಿ 'ಒಣಕಟ್ಟು' ಎಂಬ ನಿಯಮವಿದೆ: ಒದ್ದೆಯಾದದ್ದು ಏನೂ ಕಣಜದ ಹೊಸ್ತಿಲು ದಾಟಬಾರದು. ಬೆವರಿದವರು ಮೈ ಒರೆಸಿಕೊಂಡು, ಬಟ್ಟೆ ಬದಲಿಸಿ ಒಳಗೆ ಬರಬೇಕು. ಹಾವಿನ ನೀರಿನ ಬಟ್ಟಲಿಗೆ ಮಾತ್ರ ಒಪ್ಪಿಗೆಯಿತ್ತು, ಅದನ್ನೂ ಬೆಳಿಗ್ಗೆ ಅರ್ಧ ಗಂಟೆ ಇಟ್ಟು ತೆಗೆದುಬಿಡಬೇಕಿತ್ತು. ಇದು ಮೂರ್ಖ ನಿಯಮವಲ್ಲ. ಮೂವತ್ತು ವರ್ಷದ ಹಿಂದೆ ಒಂದು ಕೋಣೆಗೆ ತೇವ ತಗುಲಿ ಜೋಳ ಕಪ್ಪಾಯಿತು, ಆ ಜೋಳದ ರೊಟ್ಟಿ ತಿಂದು ಹನ್ನೊಂದು ಮಕ್ಕಳು ಸತ್ತರು. ದ್ಯಾಮಣ್ಣ ಕಾಕಾನ ಮಗಳು ಅವರಲ್ಲಿ ಒಬ್ಬಳು.

ಪೊರೆ ಬಿಡುವ ಮೊದಲು ಹಾವಿನ ಕಣ್ಣು ಸುಣ್ಣ ಕದಡಿದ ನೀರಿನಂತೆ ಮಂಜಾಗುತ್ತದೆ. ಆಗ ಅದಕ್ಕೆ ತೇವ ಬೇಕು, ಗಾಳಿ ಒಣಗಿದ್ದರೆ ಪೊರೆ ಬಿಡುವುದಿಲ್ಲ. ಅತ್ತಿಯ ಪೊರೆ ಹರಿದು ಹರಿದು ಬಂತು, ಬಾಲದ ಸುತ್ತ ಉಂಗುರದಂತೆ ಬಿಗಿಯಿತು, ಕಣ್ಣಿನ ಮೇಲೆ ಹಾಗೆಯೇ ಉಳಿಯಿತು. ಒಂದು ಮಡಕೆಯಲ್ಲಿ ಒದ್ದೆ ಬಟ್ಟೆ ಇಡುತ್ತೇನೆ ಎಂದು ಕೇಳಿದೆ. "ಆ ಬಟ್ಟಲ ಬಿಟ್ಟು ಹೊಸ್ತಿಲ ಒಳಗ ಒಂದ್ ಹನಿ ಬ್ಯಾಡ, ಫಕೀರಿ. ನಾ ಇರೂತನಕ ಬ್ಯಾಡ" ಅಂದರು ಕಾಕಾ. ಎಲ್ಲರ ಜೊತೆ ಜಗಳವಾಡುವ ನಾನು ಅಂದು ಮಾತ್ರ ಸುಮ್ಮನಿದ್ದೆ, ಕಾಕಾ ಕಳೆದುಕೊಂಡ ಮಗಳ ಕತೆ ಕಣ್ಣೆದುರಿಗಿತ್ತು. ಎರಡನೇ ಪೊರೆಯೂ ಮೊದಲನೆಯದರ ಅಡಿಯಲ್ಲೇ ಅಂಟಿಕೊಂಡಿತು. ಆಗ ನಾನು ಅದರ ತಲೆ ಹಿಡಿದು ಕಣ್ಣಿನ ಮೇಲಿನ ಪೊರೆಯನ್ನು ಉಗುರಿನಿಂದ ಎಳೆದೆ. ಪೊರೆಯ ಜೊತೆ ಕಣ್ಣೂ ಹರಿಯಿತು. ಇನ್ನೊಂದು ಕಣ್ಣು ಆಮೇಲೆ ತಾನಾಗಿಯೇ ಹೋಯಿತು. ಪೊರೆಯಿಂದ ತಾನಾಗಿಯೇ ಗಾಯವಾಯಿತೆಂದು ಎಲ್ಲರಿಗೂ ಹೇಳಿದ್ದರೆ ನಂಬುತ್ತಿದ್ದರು. ನಾನೇ ಎಳೆದೆ ಎಂದು ಹೇಳಿದೆ.

ಅದು ಬಸಿರಾಗಿತ್ತು ಎಂಬುದು ನಮಗೆ ತಿಳಿದದ್ದು, ಒಣ ಜೋಳದ ಮೇಲೆ ನಾಲ್ಕು ಮೊಟ್ಟೆ ಇಟ್ಟಾಗ. ಸವಣೂರಿನಲ್ಲೇ ಗಂಡಿನ ಜೊತೆ ಕೂಡಿದ್ದಿರಬೇಕು, ಹೆಣ್ಣು ಹಾವು ಆ ಬೀಜವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳಬಲ್ಲದಂತೆ. ಮೈಯಲ್ಲಿ ನೀರಿನಂಶ ಸಾಲದೆ, ಉಳಿದವನ್ನು ಇಡಲಾಗದೆ ಇಪ್ಪತ್ತು ದಿನದ ಹಿಂದೆ ಸತ್ತಿತು. ಹೊಟ್ಟೆ ಸೀಳಿ ನೋಡಿದೆವು. ಒಳಗೆ ಐದು ಇದ್ದವು. ಅಂದು ಸಂಜೆ ದ್ಯಾಮಣ್ಣ ಕಾಕಾ ತಮ್ಮ ಪಾಲಿನ ಕುಡಿಯುವ ನೀರಿನಲ್ಲಿ ತೋಯಿಸಿದ ಪಂಚೆಯ ತುಂಡನ್ನು ಮೊಟ್ಟೆಗಳಿಗೆಂದು ತಂದು, ನನ್ನ ಕಡೆ ನೋಡದೆ, "ಹೊರಗ ಇಡು. ಒಳಗ ತರಬ್ಯಾಡ" ಅಂದರು.

ಮೊಟ್ಟೆಗಳನ್ನು ಒದ್ದೆ ಮರಳಿನ ಮಡಕೆಯಲ್ಲಿ, ಆ ತುಂಡನ್ನು ಹೊದಿಸಿ, ಹೊರಗಿನ ಬಂಡೆಯ ನೆರಳಿನಲ್ಲಿ ಇಟ್ಟಿದ್ದೇನೆ. ಒಳಗೆ ಒಣಗುತ್ತವೆ, ಹೊರಗೆ ಬೇಯುತ್ತವೆ. ಮೂರು ಆಗಲೇ ಕುಗ್ಗಿ ಹಳದಿಯಾದವು. ಉಳಿದ ಒಂದನ್ನು ಇಂದು ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಏನೋ ಕೆಂಪಗೆ ಕಂಡಿತು, ಅಲುಗಲಿಲ್ಲ. ಬದುಕಿದೆ ಎಂದು ಬರೆಯಲಾರೆ. ಒಡೆದು ಮರಿ ಬಂದರೂ ಅದು ಒಂದೇ ಮರಿ, ಇಲಿ ಹಿಡಿಯುವಷ್ಟು ದೊಡ್ಡದಾಗಲು ವರ್ಷಗಳು ಬೇಕು. ನಾಲ್ಕನೇ ಕೋಣೆಯಲ್ಲಿ ಇಲಿಗಳ ಸದ್ದು ಮತ್ತೆ ಶುರುವಾಗಿದೆ. ಸವಣೂರಿನವರು ಇನ್ನೊಂದನ್ನು ಕೊಡುವುದಿಲ್ಲ ಎಂದು ಹೇಳಿಕಳಿಸಿದ್ದಾರೆ. ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ.

ಈಗ ನನ್ನ ಕೋರಿಕೆ. ಯಾರಾದರೂ ನಿಮ್ಮ ಬಾಗಿಲಿಗೆ ಹಾವಿನ ಬುಟ್ಟಿ ತಂದರೆ, ಅದನ್ನು ಇಳಿಸಿಕೊಳ್ಳುವ ಮೊದಲೇ ನಿಮ್ಮ ಹಿರಿಯರನ್ನು ಕರೆಸಿ, ಜೋಳದಿಂದ ದೂರ, ಬಂಡೆಯೊಳಗೇ ಒಂದು ತೇವದ ಗೂಡು ಕೊರೆಯಲು ಒಪ್ಪಿಸಿ. ಅವರ ದುಃಖಕ್ಕೆ ತಲೆಬಾಗಿ, ಆದರೆ ಸುಮ್ಮನಾಗಬೇಡಿ. ಒಪ್ಪದಿದ್ದರೆ ಹಾವನ್ನು ತೆಗೆದುಕೊಳ್ಳಬೇಡಿ. ತಂದವರು ಎಷ್ಟೇ ದೂರದಿಂದ ನಡೆದು ಬಂದಿರಲಿ, ಕಣಜದಲ್ಲಿ ಎಷ್ಟೇ ಇಲಿಗಳಿರಲಿ, ಮಕ್ಕಳು ಬುಟ್ಟಿಯ ಸುತ್ತ ಎಷ್ಟೇ ಆಸೆಯಿಂದ ಕುಣಿಯಲಿ, ಬುಟ್ಟಿಯ ಮುಚ್ಚಳ ತೆಗೆಯದೆ, ನೀರು ಕೊಟ್ಟು, ಅವರನ್ನು ಹಿಂದಕ್ಕೆ ಕಳಿಸಿಬಿಡಿ.

ಫಕೀರವ್ವ
ಡಂಬಳ ಕಣಜ