ತುಂಗೆಯ ಬಾಲದ ಕೂದಲು

ಶಹಾಬಾದ
೧೮ ನವೆಂಬರ್ ೨೦೦೪

ಮುದ್ದಿನ ಪ್ರಮಿತಾ,

ಹೇಗಿದ್ದೀಯೆ? ಹೈದರಾಬಾದಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಲ್ಯಾಬಿನ ಗಾಜಿನ ಕೊಳವೆಗಳ ಮುಖ ನೋಡುತ್ತ ಉಪವಾಸ ಬೀಳುತ್ತೀಯೋ? ಕೆಮ್ಮು ಹೋಯಿತೆ? ನನ್ನ ಮೊಣಕಾಲು ಇದ್ದ ಹಾಗೇ ಇದೆ. ನಿನ್ನ ಅಜ್ಜನ ಬಿ.ಪಿ. ಇಳಿದಿದೆ, ನಾಲಿಗೆ ಮಾತ್ರ ಇಳಿದಿಲ್ಲ. ಬಾಗಿಲ ಮುಂದಿನ ಫರಸಿ ಕಲ್ಲಿನ ಮೇಲೆ ಕುಳಿತು ಹೋಗಿಬರುವವರಿಗೆಲ್ಲ “ನಮ್ಮ ಮೊಮ್ಮಗಳು ದನದ ಜಾತಕ ಬರೀಲಿಕತ್ಯಾಳ” ಎಂದು ಹೇಳುವುದೇ ಅವರ ಕೆಲಸ. ನಿನ್ನ ಕಾಗದ ಬಂತು. ಅರ್ಧ ತಿಳಿಯಿತು, ತಿಳಿದ ಅರ್ಧವೇ ನನಗೆ ಬೇಕಾದಷ್ಟಾಯಿತು.

ನಮ್ಮ ಮನೆಯ ಕಟ್ಟಳೆ ನಿನಗೆ ಗೊತ್ತಲ್ಲ. ನನ್ನ ಅತ್ತೆಯವರು ಹಾಕಿಕೊಟ್ಟಿದ್ದು. ಸಾಲಿಗ್ರಾಮದ ಅಭಿಷೇಕಕ್ಕೆ ಈ ಮನೆಯ ಆಕಳ ಸಂತಾನದ ಹಾಲೇ ಆಗಬೇಕು, ಬೇರೆ ಹಾಲು ಸಲ್ಲದು. ನಮ್ಮ ತುಂಗೆಗೆ ವಯಸ್ಸಾಗಿ ಹಾಲು ಬತ್ತಿತು. ಆಕೆ ಹಾಕಿದ್ದೆಲ್ಲ ಹೋರಿಗರು. ಯುಗಾದಿಯಿಂದ ದೇವರಿಗೆ ಬರೀ ನೀರು. ದೇವರಿಗಿಲ್ಲದ ಹಾಲು ನನಗೇಕೆ ಎಂದು ನಾನೂ ಕರಿ ಚಹಾ ಕುಡಿಯತೊಡಗಿದೆ. “ದೇವರು ಎಂದಾರ ಆಕಳ ಗೋತ್ರ ಕೇಳ್ಯಾನೇನ? ಪಾಕೀಟಿನ ಹಾಲು ಹಾಕು” ಎಂದು ನಿನ್ನ ಅಜ್ಜ ನಗುತ್ತಿದ್ದರು. ಅವರಿಗೇನು, ನಗೆ. ಅತ್ತೆಯವರಿಗೆ ಮಾತು ಕೊಟ್ಟವಳು ನಾನು. ಬೆಳಿಗ್ಗೆ ಖಾಲಿ ತಂಬಿಗೆ ಹಿಡಿದು ದೇವರ ಮುಂದೆ ಕೂತರೆ ಕಣ್ಣು ತುಂಬಿ ಬರುತ್ತಿತ್ತು ಮಗಳೆ. ಯಾರಿಗೂ ಹೇಳಿರಲಿಲ್ಲ.

ಹಿಂದೆ ನಮ್ಮ ಹಟ್ಟಿಯ ಹೆಣ್ಣುಗರು ಒಂದು ಇದೇ ಓಣಿಯ ಯಾರ ಮನೆಗೋ ಹೋಗಿತ್ತೆಂದು ಅತ್ತೆಯವರು ಹೇಳುತ್ತಿದ್ದರು. ಯಾರ ಮನೆಗೆಂಬುದು ಅವರಿಗೇ ಮರೆತಿತ್ತು. ಎದುರುಮನೆಯ ಮಜೀದಸಾಬನ ಆಕಳು ಲಾಲಿಯ ಹಣೆ, ಕೊಂಬು ನೋಡಿದಾಗಲೆಲ್ಲ ನನಗೆ ಅದೇ ಅನುಮಾನ. ಮಜೀದಸಾಬ ಕಲ್ಲು ಪಾಲಿಶ್ ಮಾಡುವವನು, ನನಗೆ ಮಗನಿದ್ದ ಹಾಗೆ, ಕೇಳಿದರೆ ಇಲ್ಲವೆನ್ನುವವನಲ್ಲ. ತಕರಾರು ಅವನದಲ್ಲ, ಆಕಳ ವಂಶದ್ದು. ಶ್ರಾವಣದಲ್ಲಿ ನೀನು ಬಂದು, ಲ್ಯಾಬಿನ ಪರೀಕ್ಷೆಗೆ ಊರ ದನಗಳ ಬಾಲದ ಕೂದಲು ಬುಡಸಹಿತ ಬೇಕು ಎಂದಾಗ ದೇವರೇ ದಾರಿ ತೋರಿಸಿದ ಎಂದುಕೊಂಡೆ. ತುಂಗೆಯದು ನಾನು ಕಿತ್ತುಕೊಟ್ಟೆ, ಲಾಲಿಯದು ಮಜೀದಸಾಬ ತಂದುಕೊಟ್ಟ.

ಡಿಎನ್‌ಎಯಲ್ಲಿ ಒಂದು ಎಳೆ ತಾಯಿಯಿಂದಲೇ ಕರುವಿಗೆ ಬರುತ್ತದಂತೆ, ಹೋರಿ ಎಷ್ಟೇ ಗುಟುರು ಹಾಕಿದರೂ ಅದರಲ್ಲಿ ಅವನ ಪಾಲಿಲ್ಲವಂತೆ! ಇದನ್ನು ನಿನ್ನ ಅಜ್ಜನಿಗೆ ಎರಡು ಸಲ ಓದಿ ಹೇಳಿದೆ. ಸಾವಿರಾರು ವರ್ಷ ಮಣ್ಣಲ್ಲಿದ್ದ ಎಲುಬಿನಿಂದಲೂ ಆ ಎಳೆ ಹಿರಿಯುತ್ತಾರಂತೆ; ಬೆನ್ನ ಮೇಲೆ ಡುಬ್ಬವಿರುವ ನಮ್ಮ ದನ ನಮ್ಮ ಸೀಮೆಯಲ್ಲೇ ಪಳಗಿದ್ದು, ಡುಬ್ಬವಿಲ್ಲದ ಪರದೇಶದ ದನಗಳ ತಾಯಂದಿರೇ ಬೇರೆ ಎಂದು ನೀನು ಬರೆದಿದ್ದೆ. ಸನ್ನತಿಯಲ್ಲಿ ಹಳೆಯ ಸ್ತೂಪ ಅಗೆಯುವವರು ಕೆತ್ತಿದ ಕಲ್ಲು ಸಿಕ್ಕರೆ ಕುಣಿದಾರು, ನೀನು ದನದ ಎಲುಬು ಸಿಕ್ಕರೆ ಕುಣಿಯುವವಳು. ಕುಣಿ, ಯಾರು ಬೇಡವೆಂದರು! ಕೊನೆಗೆ, ತುಂಗೆ ಲಾಲಿಯರ ಎಳೆಯಲ್ಲಿ ಒಂದಕ್ಷರವೂ ಬೇರೆಯಿಲ್ಲ, ನನಗೇ ಆಶ್ಚರ್ಯ ಎಂದಿದ್ದೆಯಲ್ಲ, ಅದನ್ನು ಅಜ್ಜನಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಅದರ ಕೆಳಗೇ, ದೇಶದ ಅರ್ಧಕ್ಕರ್ಧ ದನ ಒಬ್ಬಳೇ ಅಜ್ಜಿಯ ಸಂತಾನವಿರಬಹುದು, ಇಷ್ಟರಿಂದಲೇ ಹತ್ತಿರದ ನೆಂಟಸ್ತಿಕೆ ಎನ್ನಲಾಗದು ಎಂದೂ ಇತ್ತು. ಆ ಸಾಲನ್ನು ಮಾತ್ರ ಗಟ್ಟಿಯಾಗಿ ಓದಲಿಲ್ಲ.

ಮರುದಿನವೇ ಮಡಿಯುಟ್ಟು ತಂಬಿಗೆ ಹಿಡಿದು ಎದುರುಮನೆಗೆ ಹೋದೆ. ಮಜೀದಸಾಬನ ಹೆಂಡತಿ ಅಂಗಳ ತೊಳೆದು ನೀರು ಹಾಕಿದ್ದಳು. ಲಾಲಿ ಮಹಾ ಒದೆಯುವ ಆಕಳು, ಅವಳನ್ನು ಬಿಟ್ಟು ಯಾರನ್ನೂ ಹತ್ತಿರ ಸೇರಿಸದು. ನನಗೆ ಮಾತ್ರ ಸುಮ್ಮನೆ ನಿಂತಿತು ನೋಡು! ಸಾಲಿಗ್ರಾಮದ ಮೇಲೆ ಹಾಲು ಬಿದ್ದಾಗ ಅತ್ತೆಯವರು ಹಿಂದೆ ನಿಂತಂತಾಗಿ ಅತ್ತುಬಿಟ್ಟೆ. ಆಮೇಲೆ ಲೋಟ ತುಂಬ ಹಾಲಿನ ಚಹಾ ಕುಡಿದೆ. ಆಹಾ, ಏನು ರುಚಿ! ಇಂದು ಶಿರಾ ಮಾಡಿ, ಬೀಗರ ಮನೆಗೆ ಎಂದು ಮಜೀದಸಾಬನಿಗೆ ಡಬ್ಬಿ ತುಂಬ ಕಳಿಸಿದ್ದೇನೆ. ಅಜ್ಜ ಇನ್ನೂ ನಗುತ್ತಿದ್ದಾರೆ, ನಗಲಿ.

ಹೊತ್ತಿಗೆ ಉಣ್ಣು, ರಾತ್ರಿ ನಿದ್ದೆಗೆಡಬೇಡ. ಹಾಲು ಕಂಡು ತಣ್ಣಗಾದ ನಮ್ಮ ದೇವರು ನಿನ್ನನ್ನೂ ನಿನ್ನ ಗಾಜಿನ ಕೊಳವೆಗಳನ್ನೂ ಕಾಯಲಿ.

ನಿನ್ನ ಅಜ್ಜಿ
ಲಕ್ಷ್ಮೀಬಾಯಿ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಮಜೀದಸಾಬ ಡಬ್ಬಿ ತಿರುಗಿ ಕೊಡಲು ಬಂದ. ತಲೆ ತಗ್ಗಿಸಿ, “ಲಕ್ಷ್ಮೀಬಾಯಾರ, ಸಿಟ್ಟಾಗಬ್ಯಾಡ್ರಿ. ಲಾಲಿ ಬಾಲಕ್ಕ ಕೈ ಹಚ್ಚಿದ್ರ ಒದಿಲಿಕತ್ತಿತ್ತು. ಕೂದಲಾ ಯಾವ ಆಕಳದಾದ್ರೇನು ಅಂತ ನಿಮ್ಮ ತುಂಗೀದೇ ಕಿತ್ತಿ ಕೊಟ್ಟಿದ್ದೆ” ಎಂದ. ಒಂದಕ್ಷರವೂ ಬೇರೆಯಿಲ್ಲದ್ದು ಅದಕ್ಕೇ! ಮೊದಲು ಲಕೋಟೆ ಕೆಳಗಿಟ್ಟೆ, ಆಮೇಲೆ ನಗು ತಡೆಯಲಾಗಲಿಲ್ಲ. ಕೂಡ್ರಿಸಿ ಚಹಾ ಕೊಟ್ಟೆ, ಹಾಲು ಹಾಕಿಯೇ. ನಿನ್ನ ಲೆಕ್ಕದಿಂದ ಲಾಲಿಯನ್ನು ತೆಗೆದುಹಾಕು, ನಿನ್ನ ಕೆಲಸ ಕೆಡಬಾರದು. ಆದರೆ ಬೇರೆ ಕೂದಲು ಕಳಿಸು ಎಂದು ಮಾತ್ರ ಕೇಳಬೇಡ, ಕಳಿಸುವುದಿಲ್ಲ. ದೇಶದ ಅರ್ಧಕ್ಕರ್ಧ ದನ ಒಬ್ಬಳೇ ಅಜ್ಜಿಯ ಸಂತಾನ ಎಂದು ಬರೆದವಳು ನೀನೇ. ಲಾಲಿ ಆ ಅರ್ಧದವಳು.