ಹಂಚಿನ ಚೂರುಗಳ ಸಾಲು

ಗದಗ, ಮಂಗಳವಾರ

ಸಾವಿತ್ರೆವ್ವನವರಿಗೆ ಲೈಟಿನ ಕೆಲಸದ ಅಂಬರೀಶನ ನಮಸ್ಕಾರ.

ನಿಮ್ಮ ಕೈತೋಟದ ದೀಪಗಳು ಮತ್ತೆ ಹತ್ತಿವೆ. ಅವು ಕೆಟ್ಟಾಗ, ತೋಟದ ಕೆಲಸದ ಉಡಚವ್ವನ ಗುದ್ದಲಿ ತಾಗಿ ವೈರ್ ತುಂಡಾಗಿದೆ ಎಂದು ನಾನು ಅಗೆದು ನೋಡದೆಯೇ ಹೇಳಿದ್ದೆ. ನೀವು ಆಕೆಯನ್ನು ಕೆಲಸದಿಂದ ಬಿಡಿಸಿದಿರಿ. ಇವತ್ತು ಅಗೆದರೆ ವೈರಿಗೆ ಒಂದು ಗೀರೂ ಇಲ್ಲ. ದಾಸವಾಳದ ಬುಡದಲ್ಲಿ ನಾನು ಬರೀ ಟೇಪು ಸುತ್ತಿ ಹೂತಿದ್ದ ಜಾಯಿಂಟಿಗೆ ನೀರಿಳಿದಿತ್ತು. ಈಗ ನೀರು ಹೋಗದ ಡಬ್ಬಿ ಹಾಕಿದ್ದೇನೆ.

“ವೈರಿನ ಮ್ಯಾಲ ನಾ ಗುದ್ದಲಿ ಹಚ್ಚಂಗಿಲ್ರಿ, ಕೈಲೇ ಕಳೆ ಕೀಳ್ತೀನಿ” ಎಂದು ಆಕೆ ಅತ್ತು ಹೇಳಿದ್ದು ಖರೆ ಮಾತು.

ದಯವಿಟ್ಟು ಆಕೆಯನ್ನು ಕರೆಸಿರಿ. ನೀವು ಹೂಂ ಎಂದರೆ ನಾಳೆ ನಾನೇ ಆಕೆಯ ಊರು ಮುಳಗುಂದಕ್ಕೆ ಹೋಗಿ ಕರೆತರುತ್ತೇನೆ.

ಇನ್ನೊಂದು ಮಾತು. ವೈರ್ ಎಲ್ಲಿ ಹೂತಿದ್ದೆನೆಂದು ನನಗೇ ನೆನಪಿರಲಿಲ್ಲ. ಗುದ್ದಲಿ ತಾಗದಿರಲೆಂದು ಆಕೆ ಅದರ ಗುಂಟ ನೆಟ್ಟಿದ್ದ ಹಂಚಿನ ಚೂರುಗಳೇ ದಾರಿ ತೋರಿಸಿದವು.

ಟೇಪು ಸುತ್ತಿದವನು,
ಅಂಬರೀಶ